ಪಾರ್ಕ್ ಇದೆ, ಮಕ್ಕಳೂ ಇದ್ದಾರೆ. ಮಣ್ಣಲ್ಲಿ ಆಡೋಕೆ ಯಾರ ಪರ್ಮಿಶನ್ ಕೇಳ್ಬೇಕು?

ಬೆಂಗಳೂರು: ಇಂದಿರಾನಗರ, ಹಲಸೂರು, ಕೆ.ಆರ್.ಪುರ ಕಡೆಯ ಪುಟ್ಟ ಮಕ್ಕಳ ತಂದೆ-ತಾಯಂದಿರಲ್ಲಿ ಹೊಸದೊಂದು ರೂಢಿ ಶುರುವಾಗಿದೆ. ಐದಾರು ಮನೆಯವರು ವಾಟ್ಸಾಪ್‌ನಲ್ಲಿ ಮಾತಾಡ್ಕೊಂಡು, ವಾರಕ್ಕೊಂದು ದಿನ ಪಾರ್ಕ್‌ನಲ್ಲಿ ಸೇರಿ, ಮಕ್ಕಳನ್ನು ಮಣ್ಣು, ಎಲೆ, ನೀರಿನ ಜೊತೆ ಬಿಟ್ಟು ಕೂರೋದು. ಇದಕ್ಕೆ ನೇಚರ್ ಪ್ಲೇ ಗ್ರೂಪ್ ಅಂತ ಹೆಸರು. ನಮ್ಮ ಹಳ್ಳಿಗಳಲ್ಲಿ ಇದನ್ನ ಬರೀ ಆಟ ಅಂತಿದ್ರು.

ಶೋಕಿ ಅಂತ ತಳ್ಳಿಹಾಕುವ ವಿಷಯ ಇದಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಎರಡರಿಂದ ನಾಲ್ಕು ವರ್ಷದವರಿಗೆ ಸ್ಕ್ರೀನ್ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ರೂಮಿನ ಫ್ಲ್ಯಾಟ್‌ನಲ್ಲಿ ಮೂರು ಗಂಟೆ ಓಡೋದು ಎಲ್ಲಿ?

ಖರ್ಚು ಅಂದ್ರೆ ಒಂದು ಬಕೆಟ್, ನಾಲ್ಕು ತೆಂಗಿನ ಚಿಪ್ಪು, ಒಂದು ಹಗ್ಗ. ಕಷ್ಟ ಇರೋದು ಗೇಟಿನಲ್ಲಿ. ಪುಟ್ಟ ಮಕ್ಕಳಿಗೆ ಸರಿಯಾದ ಹೊತ್ತು ಬೆಳಿಗ್ಗೆ 10ರಿಂದ 12. ತಿಂಡಿ ಆಗಿರುತ್ತೆ, ಮಧ್ಯಾಹ್ನದ ನಿದ್ದೆಗೆ ಇನ್ನೂ ಟೈಮ್ ಇರುತ್ತೆ. ಆದರೆ ವಾಕಿಂಗ್ ಮುಗೀತಿದ್ದಂಗೆ ಪಾರ್ಕ್‌ಗೆ ಬೀಗ ಹಾಕೋದು ಬಿಬಿಎಂಪಿಯ ಹಳೇ ಪದ್ಧತಿ. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಆದೇಶ ಬಂತು. ಈ ಆದೇಶದಿಂದ ಹೆಚ್ಚು ಲಾಭ ಆಗಬೇಕಿದ್ದಿದ್ದು ಜಾಗರ್‌ಗಳಿಗಲ್ಲ, ಈ ಮಕ್ಕಳಿಗೆ. ಒಳಗೆ ಹೋದ್ರೂ ಕಾಣೋದು ಪೇವರ್ ಬ್ಲಾಕು, ‘ಹುಲ್ಲಿನ ಮೇಲೆ ನಡೆಯಬೇಡಿ’ ಬೋರ್ಡು. ಮಣ್ಣು ಹುಡುಕಬೇಕು!

ಮುಂದಿನ ಪ್ರಶ್ನೆ ಅನುಮತಿಯದ್ದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಕೆ.ಆರ್.ಪುರ ಪೂರ್ವ ಪಾಲಿಕೆಗೆ ಸೇರಿದೆ. ಶಿವಾಜಿನಗರ, ಸಿ.ವಿ.ರಾಮನ್ ನಗರ ಕ್ಷೇತ್ರಗಳು ಕೇಂದ್ರ ಪಾಲಿಕೆಗೆ. ಕಬ್ಬನ್ ಪಾರ್ಕ್ ಮೊದಲಿಂದಲೂ ಪಾಲಿಕೆಯದ್ದಲ್ಲ, ರಾಜ್ಯ ತೋಟಗಾರಿಕೆ ಇಲಾಖೆಯದ್ದು. ನೇರಳೆ ಮಾರ್ಗದಲ್ಲಿ ಕೆ.ಆರ್.ಪುರದಿಂದ ಕಬ್ಬನ್ ಪಾರ್ಕ್‌ಗೆ ರೈಲು ಬದಲಿಸದೆ ಬರಬಹುದು ನಿಜ, ಇಳಿದ ಮೇಲೆ ಬೇರೆ ಇಲಾಖೆಯ ಕಾನೂನು.

ಆ ಕಾನೂನಿನ ಬಿಸಿ ಓದುವ ಗುಂಪಿಗೇ ತಟ್ಟಿದೆ. 2024ರ ಡಿಸೆಂಬರ್‌ನಲ್ಲಿ ಕಬ್ಬನ್ ರೀಡ್ಸ್ ಬಳಗ ಕ್ರಿಸ್ಮಸ್ ಹೊತ್ತಲ್ಲಿ ಪುಸ್ತಕ ಅದಲುಬದಲು ಮಾಡ್ಕೊಂಡಾಗ, ಅನುಮತಿ ಇಲ್ಲ ಅಂತ ಇಲಾಖೆ ₹35,000 ದಂಡ ಹಾಕಿತ್ತು. ಅಲ್ಲಿ ಸೇರಿದ್ದವರು ನೂರಾರು ಜನ, ಅದು ಬೇರೆ ಮಾತು. ಆದರೂ ಎಂಟು ಮಕ್ಕಳನ್ನು ಕರ್ಕೊಂಡು ಬರುವ ತಾಯಿಗೆ ಭಯ ಹುಟ್ಟಿಸೋಕೆ ಅಷ್ಟು ಸಾಕು.

ಇಲಾಖೆಯವರ ಕಷ್ಟವೂ ಸುಳ್ಳಲ್ಲ. ಫೀಸು ವಸೂಲಿ ಮಾಡಿ ಸಾರ್ವಜನಿಕ ಜಾಗದಲ್ಲಿ ಕ್ಲಾಸು ನಡೆಸುವವರು ಬಾಡಿಗೆ ಕಟ್ಟಲಿ, ಅರ್ಜಿ ಹಾಕಲಿ. ಅಂಗಡಿಯವನು ಟ್ರೇಡ್ ಲೈಸೆನ್ಸ್ ಮಾಡಿಸಲ್ವಾ? ಪುಕ್ಕಟೆ ಸೇರುವ ಸಣ್ಣ ಗುಂಪನ್ನು ಅದೇ ತಕ್ಕಡಿಯಲ್ಲಿ ತೂಗೋದು ತಪ್ಪು. ಇಷ್ಟು ಜನರವರೆಗೆ ಅನುಮತಿ ಬೇಡ ಅಂತ ಗೇಟಿನಲ್ಲೇ ಒಂದು ಕನ್ನಡ ಬೋರ್ಡ್ ಹಾಕಿದ್ರೆ ಅರ್ಧ ಜಗಳ ಮುಗಿಯುತ್ತೆ.

ಗುಂಪು ನಡೆಸುವವರಿಗೂ ಜವಾಬ್ದಾರಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಮೈದಾನದಲ್ಲಿ ಗೇಟು ಬಿದ್ದು ಬಾಲಕ ತೀರಿಕೊಂಡಿದ್ದನ್ನು ಯಾರೂ ಮರೆತಿಲ್ಲ. ಮಕ್ಕಳನ್ನು ಬಿಡುವ ಮೊದಲು ದೊಡ್ಡವರೊಬ್ಬರು ಜಾಗ ಸುತ್ತಬೇಕು: ಅಲುಗಾಡುವ ಗೇಟು, ಗಾಜಿನ ಚೂರು, ನಾಯಿ, ಕಂಬಳಿಹುಳು. ಕಣಗಿಲೆ ಗಿಡ ನೋಡೋಕೆ ಚೆಂದ, ಪೂರ್ತಿ ವಿಷ. ಎಲೆ ಬಾಯಿಗೆ ಹೋಗಬಾರದು. ಕೆರೆ ಪಕ್ಕ ಆದ್ರೆ ಕಣ್ಣು ಮಿಟುಕಿಸೋ ಹಾಗಿಲ್ಲ. ಹಗ್ಗ ಇರೋದು ಅದಕ್ಕೇ, ಇಲ್ಲಿಂದಾಚೆ ಹೋಗಬಾರದು ಅಂತ ಗೆರೆ ತೋರಿಸೋಕೆ. ಟಾಯ್ಲೆಟ್ ಎಲ್ಲಿದೆ, ಬೀಗ ಹಾಕಿದೆಯಾ ಅಂತ ಹಿಂದಿನ ದಿನವೇ ನೋಡ್ಕೊಂಡಿರಬೇಕು.

ಇನ್ನೊಂದು ಮಾತು ಯಾರೂ ಎತ್ತುತ್ತಿಲ್ಲ. ಶಿವಾಜಿನಗರದ ಗಲ್ಲಿಗಳಿಂದ ಕಬ್ಬನ್ ಪಾರ್ಕ್ ದೂರವೇನಲ್ಲ. ಆದರೆ ರಸೆಲ್ ಮಾರ್ಕೆಟ್ ಸುತ್ತಮುತ್ತ ಗಾಡಿ ತಳ್ಳುವವರಿಗೆ, ಕೂಲಿ ಮಾಡುವವರಿಗೆ ವಾರದ ದಿನ ಹತ್ತು ಗಂಟೆಗೆ ಮಗುವನ್ನು ಪಾರ್ಕ್‌ಗೆ ಕರ್ಕೊಂಡು ಹೋಗೋ ಪುರುಸೊತ್ತು ಎಲ್ಲಿದೆ? ಅವರ ಮಕ್ಕಳು ಆ ಹೊತ್ತಲ್ಲಿ ಇರೋದು ಅಂಗನವಾಡಿಯಲ್ಲಿ. ವಾರಕ್ಕೊಂದು ದಿನ ಅಂಗನವಾಡಿ ಟೀಚರ್ ಜೊತೆ ಆ ಮಕ್ಕಳೂ ಬರೋ ಹಾಗೆ ಮಾಡೋಕೆ ಹೊಸ ಕಾಯ್ದೆ ಬೇಡ. ಕೇಂದ್ರ ಪಾಲಿಕೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ತೋಟಗಾರಿಕೆ ಇಲಾಖೆ ಒಂದು ಟೇಬಲ್‌ಗೆ ಕೂತ್ರೆ ಆಯ್ತು. ಜೊತೆಗೆ ರಸ್ತೆ ದಾಟಿಸೋಕೆ ಇಬ್ಬರು ದೊಡ್ಡವರು ಬೇಕು.