ತೆರಿಗೆ ಹರಾಜು ದಿವಾಳಿ ಲೆಕ್ಕದಿಂದ ಹೊರಗೇಕೆ?

ಮುಳುಗುತ್ತಿರುವ ಕಂಪನಿ ಒಬ್ಬರ ಬಾಕಿ ತೀರಿಸಿ ಉಳಿದವರ ಮುಂದೆ ಕೈಯೆತ್ತಿದರೆ, ಆ ಪಾವತಿಯನ್ನು ‘ಆದ್ಯತೆಯ ವರ್ಗಾವಣೆ’ ಎಂದು ರದ್ದುಪಡಿಸಲು 2016ರ ದಿವಾಳಿ ಸಂಹಿತೆಯ 43ನೇ ಕಲಂ ಅವಕಾಶ ಕೊಡುತ್ತದೆ. ದಿವಾಳಿ ಪ್ರಕ್ರಿಯೆಗೆ ಮುಂಚಿನ ಒಂದು ವರ್ಷದ ವಹಿವಾಟು ತನಿಖೆಗೆ ಒಳಪಡುತ್ತದೆ. ಪಡೆದವರು ಕಂಪನಿಗೆ ಸಂಬಂಧಪಟ್ಟವರಾದರೆ ಎರಡು ವರ್ಷದ್ದು.

ಪಡೆದದ್ದು ಸರ್ಕಾರವೇ ಆದರೆ? ಇಳಕಲ್ಲಿನ ಗ್ರಾನೈಟ್ ಕಂಪನಿಯೊಂದು ನೆಲಕಚ್ಚುವ ಆರು ತಿಂಗಳ ಮುಂಚೆ ರಾಜಧನದ ಬಾಕಿಗೆ ಅದರ ಜಮೀನು ಹರಾಜಾಯಿತು ಎನ್ನೋಣ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 158ನೇ ಕಲಂ ಸರ್ಕಾರದ ಬಾಕಿಯನ್ನು ಅಡಮಾನ, ಡಿಕ್ರಿಗಳಿಗಿಂತ ಮುಂದಿಡುತ್ತದೆ. ಸಂಹಿತೆಯ 53ನೇ ಕಲಂನಲ್ಲಿ ಅದೇ ಬಾಕಿ ಕಾರ್ಮಿಕರ 24 ತಿಂಗಳ ಕೂಲಿಗಿಂತ ಎಷ್ಟೋ ಹಿಂದೆ. ಹರಾಜು ಮೊದಲೋ ದಿವಾಳಿ ಅರ್ಜಿ ಮೊದಲೋ ಎಂಬುದರ ಮೇಲೆ ಆ ಕಂಪನಿಯ ಪಾಲಿಶಿಂಗ್ ಘಟಕದವರ ಕೂಲಿ ನಿಂತಿದೆ. ಸುಪ್ರೀಂ ಕೋರ್ಟ್ ಕೂಡ 2022ರ ರೈನ್‌ಬೋ ಪೇಪರ್ಸ್ ತೀರ್ಪಿನಲ್ಲಿ ಗುಜರಾತಿನ ವ್ಯಾಟ್ ಬಾಕಿಗೆ ಭದ್ರತೆಯುಳ್ಳ ಸಾಲದ ಸ್ಥಾನ ಕೊಟ್ಟು ಗೊಂದಲ ಹೆಚ್ಚಿಸಿತು. 2023ರ ರಾಮನ್ ಇಸ್ಪಾತ್ ತೀರ್ಪು ಅದನ್ನು ಆ ಪ್ರಕರಣಕ್ಕಷ್ಟೇ ಸೀಮಿತಗೊಳಿಸಿತು.

ಹರಾಜು ಸಾಲಗಾರ ತಾನಾಗಿ ಕೊಟ್ಟದ್ದಲ್ಲ ಎಂಬ ಸಮರ್ಥನೆ ಟೊಳ್ಳು. ನ್ಯಾಯಾಲಯದ ಆದೇಶದಂತೆ ನಡೆದ ವರ್ಗಾವಣೆಯೂ ಆದ್ಯತೆಯಾಗಬಹುದೆಂದು 43ನೇ ಕಲಂ ಹೇಳಿರುವಾಗ ತಹಶೀಲ್ದಾರರ ಜಪ್ತಿಗೆ ಬೇರೆ ನ್ಯಾಯ ಯಾಕೆ? ಉದ್ದೇಶ ಮುಖ್ಯವಲ್ಲವೆಂದು 2020ರ ಜೇಪೀ ತೀರ್ಪೂ ಹೇಳಿದೆ.

ಕಂಪನಿಯಲ್ಲದ ಇಳಕಲ್ಲಿನ ನೇಕಾರನ ಪಾಡು ಇನ್ನೂ ಕೆಟ್ಟದ್ದು. ಸಂಹಿತೆಯ ವ್ಯಕ್ತಿ ದಿವಾಳಿ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿ ಸಾಲಗಳ ಜಾಮೀನುದಾರರಿಗೆ ಮಾತ್ರ. ಉಳಿದವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದರ 54ನೇ ಕಲಂ ನೋಡುವುದು ಹಿಂದಿನ ಮೂರು ತಿಂಗಳನ್ನಷ್ಟೇ, ಅದೂ ಸಾಲಗಾರನಿಗೆ ಒಬ್ಬರನ್ನು ಮುಂದೆ ಮಾಡುವ ಉದ್ದೇಶವಿದ್ದರೆ. ಇಳಕಲ್ಲಿನ ಗುಂಡಿಮಗ್ಗ ಮನೆಯ ನೆಲದಲ್ಲೇ ತೋಡಿದ್ದು. ತೆರಿಗೆ ಬಾಕಿಗೆ ಮನೆ ಹೋದರೆ ದುಡಿಮೆಯ ಜಾಗವೂ ಹೋಗುತ್ತದೆ. ಅದರಲ್ಲಿ ನೇಕಾರನ ಉದ್ದೇಶ ಹುಡುಕುವುದೆಲ್ಲಿ? ಅದೇ ಕಾಯ್ದೆಯ 61ನೇ ಕಲಂ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಬಾಕಿಗೆ ಆದ್ಯತೆ ಕೊಟ್ಟಿದೆ. ಕೂಲಿಯವನಿಗೆ ಮೂಲ ಕಾಯ್ದೆ ಕೊಟ್ಟ ಆದ್ಯತೆ ಒಟ್ಟು 20 ರೂಪಾಯಿಗೆ!

ಅಮೆರಿಕದ ನ್ಯೂಜೆರ್ಸಿಯಲ್ಲಿ ತೆರಿಗೆ ಬಾಕಿಯ ಹಲವು ಪಟ್ಟು ಬೆಲೆಯ ಮನೆ ದಿವಾಳಿ ಅರ್ಜಿಗೆ ಮುಂಚಿನ 90 ದಿನಗಳೊಳಗೆ ಕೈತಪ್ಪಿತ್ತು. ಅದನ್ನು ಆದ್ಯತೆಯ ವರ್ಗಾವಣೆಯೆಂದು ರದ್ದುಪಡಿಸಿದ್ದು ಸರಿಯೆಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ತೆರಿಗೆ ಬರದಿದ್ದರೆ ನೀರು, ಬೀದಿದೀಪ ಹೇಗೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಇಲ್ಲಿ ಬಾಕಿ ಮನ್ನಾ ಆಗುವುದಿಲ್ಲ, ಸರದಿ ಬದಲಾಗುತ್ತದೆ ಅಷ್ಟೆ. ಹರಾಜಿನಲ್ಲಿ ಕೊಂಡವರ ಜಮೀನು ಅವರಿಗೇ ಇರಲಿ. ಇಲಾಖೆ ತನಗೆ ಬಂದ ಹಣವನ್ನು ದಿವಾಳಿ ನಿಧಿಗೆ ಮರಳಿಸಿ ಸಾಲಿನಲ್ಲಿ ನಿಲ್ಲಲಿ. ಕಂಪನಿಗಳ ಮಟ್ಟಿಗೆ 43ನೇ ಕಲಂಗೆ ಒಂದು ವಿವರಣೆ ಸೇರಿಸಿದರೆ ಸಾಕು. ನೇಕಾರನಿಗೆ ಸಂಹಿತೆಯ ವ್ಯಕ್ತಿ ದಿವಾಳಿ ಭಾಗವೇ ಪೂರ್ತಿ ಜಾರಿಯಾಗಬೇಕು.