ಡೀಸೆಲ್ ಉಳಿಯಿತು, ಹೊಲ ಉಳಿಯಿತೆ?



ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸರಿಯಾಗಿ ಟ್ರಾಕ್ಟರ್ ಏಜೆಂಟರು ಹಳ್ಳಿಗೆ ಬರುತ್ತಾರೆ. ಹಿಂದೆಲ್ಲ 'ಇಷ್ಟು ಎಚ್.ಪಿ. ಇದೆ, ಇಷ್ಟು ಭಾರ ಎಳೆಯುತ್ತೆ' ಅಂತ ಹೇಳಿ ಮಾರುತ್ತಿದ್ದರು. ಈಗ ಅವರ ಬಾಯಲ್ಲಿ ಮೊದಲು ಬರುವ ಮಾತೇ ಬೇರೆ. 'ಗಂಟೆಗೆ ಅರ್ಧ ಲೀಟರ್ ಡೀಸೆಲ್ ಉಳಿಯುತ್ತೆ ಯಜಮಾನರೇ, ಕಂತು ತಾನಾಗೇ ಕಟ್ಟಿಕೊಂಡು ಹೋಗುತ್ತೆ' ಎನ್ನುತ್ತಾರೆ.

ಈ ಮಾತು ನಮ್ಮ ಕಿವಿಗೆ ಸಿಹಿಯಾಗಿ ಕೇಳುವುದಕ್ಕೆ ಕಾರಣ ಉಂಟು. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ಲೀಟರಿಗೆ ಎರಡು ರೂಪಾಯಿ ಹೆಚ್ಚಾಗಿ, ಬೆಂಗಳೂರಿನಲ್ಲಿ ಡೀಸೆಲ್ ಬೆಲೆ 91 ರೂಪಾಯಿ ಮುಟ್ಟಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಕೇಂದ್ರ ಸರ್ಕಾರ ಟ್ರಾಕ್ಟರಿನ ಮೇಲಿನ ಜಿ.ಎಸ್.ಟಿ.ಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿತು. ಡೀಸೆಲ್ ತುಟ್ಟಿ, ಟ್ರಾಕ್ಟರ್ ಅಗ್ಗ! ಏಜೆಂಟನಿಗೆ ಇದಕ್ಕಿಂತ ಒಳ್ಳೆಯ ಕಾಲ ಯಾವಾಗ ಬರಬೇಕು? ಆದರೆ ನಮಗೆ ಒಳ್ಳೆಯ ಕಾಲವೆ? ಕೂತು ಲೆಕ್ಕ ಹಾಕಿ ನೋಡೋಣ.

ಮೊದಲು ಡೀಸೆಲ್ ಉಳಿಯುವುದು ಸುಳ್ಳಲ್ಲ ಎಂದು ಒಪ್ಪಿಕೊಳ್ಳೋಣ. 2023ರ ಜನವರಿಯಿಂದ, ಸುಮಾರು 50 ಎಚ್.ಪಿ. ಮೀರಿದ ಹೊಸ ಟ್ರಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಯಿತು. ಅದಕ್ಕಾಗಿ ಕಂಪನಿಗಳು ಹಳೆಯ ಡೀಸೆಲ್ ಪಂಪ್ ಬಿಟ್ಟು ಕಾಮನ್ ರೈಲ್ ಎಂಬ ವ್ಯವಸ್ಥೆ ತಂದವು. ಇದರಲ್ಲಿ ಡೀಸೆಲ್ಲನ್ನು ಒಂದು ಕೊಳವೆಯಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ತುಂಬಿಟ್ಟಿರುತ್ತಾರೆ. ಟ್ರಾಕ್ಟರಿನ ಹಿಂದಿನ ಚಕ್ರದ ಗಾಳಿಗಿಂತ ಇದು ಹೆಚ್ಚುಕಡಿಮೆ ಸಾವಿರ ಪಟ್ಟು ಒತ್ತಡ. ಯಾವ ಕ್ಷಣಕ್ಕೆ ಎಷ್ಟು ಡೀಸೆಲ್ ಸಿಂಪಡಿಸಬೇಕೆಂದು ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ತೀರ್ಮಾನ ಮಾಡುತ್ತದೆ. ಮಂಜಿನ ಹಾಗೆ ನುಣ್ಣಗೆ ಸಿಂಪಡಿಸಿದ ಡೀಸೆಲ್ ಪೂರ್ತಿ ಉರಿಯುತ್ತದೆ. ಹೊಗೆ ಕಡಿಮೆ, ಉಳಿತಾಯ ಹೆಚ್ಚು.

ಆದರೆ ಅಷ್ಟು ನುಣ್ಣಗೆ ಸಿಂಪಡಿಸುವ ಇಂಜೆಕ್ಟರಿಗೆ ಅಷ್ಟೇ ಶುದ್ಧವಾದ ಡೀಸೆಲ್ ಬೇಕು. ನಾವು ಡೀಸೆಲ್ ತರುವುದು ಕ್ಯಾನಿನಲ್ಲಿ, ಇಡುವುದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಹಾಕುವುದು ಗಾಳಿ ಧೂಳು ಏಳುವ ಹೊಲದಲ್ಲಿ. ಒಂದು ಚೂರು ನೀರು, ಒಂದು ಚಿಟಿಕೆ ಧೂಳು ಒಳಗೆ ಹೋದರೂ ಇಂಜೆಕ್ಟರ್ ಸವೆಯುತ್ತದೆ. ಹಳೆಯ ಪಂಪಾದರೆ ತಾಲ್ಲೂಕಿನ ಪಂಪ್ ರೂಮಿನಲ್ಲಿ ಬಿಚ್ಚಿ, ನಾಜಲ್ ಬದಲಾಯಿಸಿ, ಸಂಜೆಯೊಳಗೆ ಕೂರಿಸಿ ಕಳಿಸುತ್ತಿದ್ದರು. ಹೊಸದು ಕೆಟ್ಟರೆ ನಮ್ಮೂರ ಮೆಕ್ಯಾನಿಕ್ ಸ್ಪಾನರ್ ಹಿಡಿದು ಸುಮ್ಮನೆ ನಿಂತುಕೊಳ್ಳುತ್ತಾನೆ. ಅವನಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಆ ಪೆಟ್ಟಿಗೆಯೊಳಗೆ ಏನು ತಪ್ಪಾಗಿದೆ ಎಂದು ಓದುವ ಯಂತ್ರ ಕಂಪನಿಯ ಕೈಲಿದೆ, ಅವನ ಕೈಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನವು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಅಂಕಿಗಳು. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ.

ಗಂಟೆಗೆ 5 ಲೀಟರ್ ಕುಡಿಯುವ ಕಡೆ ಹೊಸದು ನಾಲ್ಕೂವರೆ ಲೀಟರ್ ಕುಡಿಯಿತು ಅನ್ನಿ. ಲೀಟರಿಗೆ 90 ರೂಪಾಯಿಯಂತೆ ಗಂಟೆಗೆ 45 ರೂಪಾಯಿ ಉಳಿಯಿತು. ಸ್ವಂತ ಜಮೀನಿನ ಕೆಲಸ, ಅಕ್ಕಪಕ್ಕದವರ ಸ್ವಲ್ಪ ಬಾಡಿಗೆ ಸೇರಿ ವರ್ಷಕ್ಕೆ 300 ಗಂಟೆ ಓಡಿಸಿದರೆ ಉಳಿಯುವುದು 13,500 ರೂಪಾಯಿ. ಐದು ವರ್ಷಕ್ಕೆ 67,500.

ಈ ಉಳಿತಾಯಕ್ಕೆ ನಾವು ಕೊಟ್ಟದ್ದೇನು? ಹೊಸ ಬಗೆಯದಕ್ಕೆ ಒಂದು ಲಕ್ಷ ಹೆಚ್ಚು ಬೆಲೆ ಇದೆ ಅನ್ನಿ. ಅದನ್ನು ಶೇ. 12ರ ಬಡ್ಡಿಗೆ ತಂದು ಐದು ವರ್ಷ ಸಮ ಕಂತಿನಲ್ಲಿ ಅಸಲು ತೀರಿಸಿದರೆ ಬಡ್ಡಿಯೇ 36,000 ಆಗುತ್ತದೆ. ಒಟ್ಟು 1,36,000. ಉಳಿದದ್ದು ಅರವತ್ತೇಳೂವರೆ ಸಾವಿರ, ಹೋದದ್ದು ಅದರ ಎರಡರಷ್ಟು. ಇನ್ನೂ ಒಂದೇ ಒಂದು ಬೋಲ್ಟು ಬಿಚ್ಚಿಲ್ಲ! ಡೀಸೆಲ್ಲಿನ ಉಳಿತಾಯದಿಂದ ಈ ಹೆಚ್ಚಿನ ದುಡ್ಡು ಹುಟ್ಟಬೇಕಾದರೆ ವರ್ಷಕ್ಕೆ 600 ಗಂಟೆ ಟ್ರಾಕ್ಟರ್ ಓಡಬೇಕು. ಐದು ವರ್ಷದಲ್ಲಿ ಒಂದೇ ಒಂದು ಸಲ 60,000 ರೂಪಾಯಿಯ ಹೆಚ್ಚಿನ ರಿಪೇರಿ ಬಂತು ಅನ್ನಿ, ಆಗ 870 ಗಂಟೆ ಓಡಬೇಕು. ಆರೇಳು ಎಕರೆ ಇರುವವನು ಎಲ್ಲಿಂದ ತರಬೇಕು ಅಷ್ಟು ಗಂಟೆ?

ಅರವತ್ತು ಸಾವಿರ ಅಂದರೆ ಎಷ್ಟು ಅಂತ ನಮ್ಮ ಅಳತೆಯಲ್ಲೇ ನೋಡಿ. 2025-26ಕ್ಕೆ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಷ್ಟೂ ಬೆಲೆ ಕೈಗೆ ಸಿಕ್ಕಿತು ಅಂತಲೇ ಇಟ್ಟುಕೊಂಡರೂ ಹನ್ನೆರಡು ಕ್ವಿಂಟಾಲ್ ರಾಗಿ ಒಂದು ರಿಪೇರಿಗೆ ಹೋಯಿತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಇಲ್ಲಿ ಒಂದು ಮುಖ್ಯ ಮಾತು ಹೇಳಬೇಕು. ಡೀಸೆಲ್ ಉಳಿಯುವುದು ಗಾಡಿ ಓಡಿದಾಗ ಮಾತ್ರ. ಬಡ್ಡಿ ಗಾಡಿ ನಿಂತಾಗಲೂ ಓಡುತ್ತದೆ. ಉಳಿತಾಯ ಬರುವುದು ದಿನಕ್ಕಿಷ್ಟು ಅಂತ ಚಿಲ್ಲರೆಯಾಗಿ. ಅದು ಬಂದದ್ದೂ ಗೊತ್ತಾಗುವುದಿಲ್ಲ, ಮನೆಯ ಖರ್ಚಿನಲ್ಲಿ ಕರಗಿ ಹೋದದ್ದೂ ಗೊತ್ತಾಗುವುದಿಲ್ಲ. ರಿಪೇರಿ ಬರುವುದು ಇಡಿಗಂಟಾಗಿ. ಅದೂ ಯಾವಾಗ? ಗಾಡಿಗೆ ಮೈತುಂಬ ಕೆಲಸ ಇದ್ದಾಗ, ಅಂದರೆ ಬಿತ್ತನೆ ಕಾಲದಲ್ಲಿ. ಮಳೆ ಬಿದ್ದು ಭೂಮಿ ಹದಕ್ಕೆ ಬಂದಿರುತ್ತದೆ. ಆ ಹದ ನಾಲ್ಕು ದಿನ ಇದ್ದರೆ ಹೆಚ್ಚು. 'ಸ್ಪೇರ್ ಪುಣೆಯಿಂದ ಬರಬೇಕು, ಚೆನ್ನೈಯಿಂದ ಬರಬೇಕು, ಒಂದು ವಾರ ಆಗುತ್ತೆ' ಅಂದರೆ ಮಳೆರಾಯ ಕಾಯುತ್ತಾನೆಯೆ? ಬೇರೆಯವರ ಟ್ರಾಕ್ಟರಿಗೆ ಬಾಡಿಗೆ ಕೊಟ್ಟು ಉಳಿಸಬೇಕು, ಇಲ್ಲವೆ ಹದ ಕಳೆದುಕೊಳ್ಳಬೇಕು. ಈ ನಷ್ಟ ಯಾವ ಕಂಪನಿಯ ಮೈಲೇಜು ಪಟ್ಟಿಯಲ್ಲೂ ಇಲ್ಲ.

ಹಾಗಾದರೆ ಹೊಸದು ಯಾರಿಗೂ ಬೇಡವೆ? ಹಾಗಲ್ಲ. ವರ್ಷಕ್ಕೆ ಸಾವಿರ ಗಂಟೆ ಬಾಡಿಗೆ ಹೊಡೆಯುವವರಿಗೆ ಅರ್ಧ ಲೀಟರ್ ಅಂದರೆ ವರ್ಷಕ್ಕೆ 45,000 ರೂಪಾಯಿ. ಅವರ ಊರಿಗೆ ಹತ್ತಿರದಲ್ಲಿ ಸರ್ವಿಸ್ ಇದ್ದು, ಡೀಸೆಲ್ ಶುದ್ಧವಾಗಿ ಇಟ್ಟುಕೊಳ್ಳುವ ಅನುಕೂಲ ಇದ್ದರೆ ಅವರಿಗೆ ಅದು ಲಾಭ. ಆದರೆ ಬರೀ ಸ್ವಂತ ಜಮೀನಿಗೆ ಟ್ರಾಕ್ಟರ್ ಬೇಕಾದವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನನಗೆ 55 ಎಚ್.ಪಿ. ಯಾಕೆ ಬೇಕು? 2023ರ ನಿಯಮ ಬಂದದ್ದು ದೊಡ್ಡ ಟ್ರಾಕ್ಟರುಗಳಿಗೆ. ಅದಕ್ಕಿಂತ ಚಿಕ್ಕವು ಆಗ ಹಳೆಯ ಪಂಪಿನಲ್ಲೇ ಉಳಿದವು. ಪಕ್ಕದ ಮನೆಯವನು ದೊಡ್ಡದು ತಂದ ಅಂತ ನಾವೂ ದೊಡ್ಡದು ತಂದರೆ ಹೆಚ್ಚಿನ ಬೆಲೆ, ಹೆಚ್ಚಿನ ಡೀಸೆಲ್, ಹೆಚ್ಚಿನ ರಿಪೇರಿ ಮೂರನ್ನೂ ಮನೆಗೆ ಕರೆದಂತೆ. ಎರಡು ಮೂರು ಎಕರೆಯವರಿಗಂತೂ ಬಾಡಿಗೆ ಉಳುಮೆಯೇ ಲೇಸು.

ಕೊಳ್ಳುವ ಮುಂಚೆ ಈ ಕೆಲಸಗಳನ್ನು ತಪ್ಪದೆ ಮಾಡಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇದೆ. ಟ್ರಾಕ್ಟರುಗಳನ್ನು ಅಲ್ಲಿ ಪರೀಕ್ಷೆ ಮಾಡಿ ವರದಿ ಕೊಡುತ್ತಾರೆ. ಒಂದು ಕಿಲೋವಾಟ್ ಶಕ್ತಿಯನ್ನು ಒಂದು ಗಂಟೆ ಕೊಡಲು ಎಷ್ಟು ಗ್ರಾಂ ಡೀಸೆಲ್ ಬೇಕು ಎಂಬುದು ಅದರಲ್ಲಿ ಇರುತ್ತದೆ. ಆ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಡೀಲರನಿಂದ ಆ ವರದಿ ಕೇಳಿ ಪಡೆಯಿರಿ, ಓದಿದ ಮಕ್ಕಳಿಂದ ಓದಿಸಿ ನೋಡಿ. ಎರಡನೆಯದು, ಅದೇ ಮಾಡೆಲ್ ಮೂರು ವರ್ಷ ಓಡಿಸಿದ ರೈತನನ್ನು ಹುಡುಕಿ ಮಾತಾಡಿಸಿ. ಆರು ತಿಂಗಳ ಹಿಂದೆ ತಂದವನ ಮಾತು ಸಾಲದು. ಮೂರನೆಯದು, ಇಂಜೆಕ್ಟರ್, ಪಂಪ್, ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್, ಕಂಪ್ಯೂಟರ್ ಪೆಟ್ಟಿಗೆ ಇವುಗಳ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ಈಗ ಇರುವ ಟ್ರಾಕ್ಟರ್ ಎಷ್ಟು ಕುಡಿಯುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಮನಾದ ಜಾಗದಲ್ಲಿ ನಿಲ್ಲಿಸಿ ಟ್ಯಾಂಕಿನ ಕತ್ತಿನ ಮಟ್ಟಕ್ಕೆ ತುಂಬಿಸಿ, ಅಳತೆ ಗೊತ್ತಿರುವ ಒಂದು ಎಕರೆ ಉತ್ತು, ಮತ್ತೆ ಅದೇ ಜಾಗಕ್ಕೆ ತಂದು ಅಳತೆ ಪಾತ್ರೆಯಿಂದ ಅದೇ ಮಟ್ಟಕ್ಕೆ ತುಂಬಿಸಿ. ಹಾಕಿದಷ್ಟೇ ಕುಡಿದಿದೆ. ಹೊಸದನ್ನೂ ಇದೇ ಹೊಲದಲ್ಲಿ, ಇದೇ ನೇಗಿಲು ಕಟ್ಟಿ ತೋರಿಸು ಅನ್ನಿ. ಹಾಗೆಯೇ ಏರ್ ಕ್ಲೀನರಿನ ಎಣ್ಣೆ ಬದಲಾಯಿಸಿ, ಚಕ್ರದ ಗಾಳಿ ಸರಿ ಮಾಡಿ, ಸೋರಿಕೆ ನಿಲ್ಲಿಸಿ. ಸೆಕೆಂಡಿಗೆ ಒಂದು ತೊಟ್ಟು ಸೋರಿದರೂ ದಿನಕ್ಕೆ ನಾಲ್ಕು ಲೀಟರ್ ಮಣ್ಣುಪಾಲು. ಹೊಸ ಸಾಲ ಮಾಡದೆ ಆಗುವ ಉಳಿತಾಯ ಮೊದಲು ಆಗಲಿ.

ಇಷ್ಟು ನಮ್ಮ ಕೈಲಿ ಆಗುವ ಕೆಲಸ. ಆದರೆ ರೈತ ಎಷ್ಟೇ ಜಾಣನಾಗಿ ಲೆಕ್ಕ ಹಾಕಿದರೂ ಸರ್ಕಾರದ ಲೆಕ್ಕ ತಪ್ಪಾಗಿದ್ದರೆ ಫಲವಿಲ್ಲ. 2018-19ರ ಕೇಂದ್ರ ಬಜೆಟ್ಟಿನಲ್ಲಿ ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಎಂದು ಘೋಷಿಸಿದರು. ಆದರೆ ಹಿಡಿದ ಖರ್ಚು ಯಾವುದು? ಕೈಯಿಂದ ಹಾಕಿದ ಖರ್ಚು ಮತ್ತು ಮನೆಯವರ ದುಡಿಮೆ ಅಷ್ಟೆ. ಟ್ರಾಕ್ಟರಿನಂಥ ಸ್ವಂತ ಬಂಡವಾಳದ ಮೇಲಿನ ಬಡ್ಡಿ, ಸ್ವಂತ ಭೂಮಿಯ ಗೇಣಿ ಇವು ಸೇರುವುದು ಸಿ-2 ಎಂಬ ಪೂರ್ಣ ಲೆಕ್ಕದಲ್ಲಿ ಮಾತ್ರ. ಅಂದರೆ ನಾವು ಲಕ್ಷಗಟ್ಟಲೆ ಹೂಡಿದ ಬಂಡವಾಳಕ್ಕೆ ಬಡ್ಡಿಯೇ ಇಲ್ಲ ಎಂದು ಸರ್ಕಾರ ಹೇಳಿದ ಹಾಗಾಯಿತು. ಬ್ಯಾಂಕಿನವನು ಹಾಗೆ ಹೇಳುತ್ತಾನೆಯೆ?

ಆದ್ದರಿಂದ ನಮ್ಮ ಒತ್ತಾಯಗಳು ಇವು:

1. ಬೆಂಬಲ ಬೆಲೆಯನ್ನು ಸಿ-2 ಖರ್ಚಿನ ಮೇಲೆ ಕಟ್ಟಬೇಕು.

2. ಪ್ರತಿ ಟ್ರಾಕ್ಟರಿನ ಜೊತೆ ಇಂಧನ ಪರೀಕ್ಷೆಯ ಸಾರಾಂಶ ಮತ್ತು ಮುಖ್ಯ ಬಿಡಿಭಾಗಗಳ ಬೆಲೆಪಟ್ಟಿಯನ್ನು ಕನ್ನಡದಲ್ಲಿ ಕೊಡಬೇಕು.

3. ರಿಪೇರಿ ಮಾಡುವ ಹಕ್ಕು ಕಾನೂನಾಗಬೇಕು. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ಸಮಿತಿ ಮಾಡಿ ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿತು; ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲಿನಿಂದ ಬೋಲ್ಟು ಸಡಿಲವಾಗುವುದಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲೇ ಕೃಷಿ ಯಂತ್ರಗಳಿಗೆ ಇಂಥ ಕಾನೂನು ಮಾಡಿತು. ತಪ್ಪು ಹುಡುಕುವ ಯಂತ್ರ ಮತ್ತು ತರಬೇತಿ ಹಳ್ಳಿಯ ಮೆಕ್ಯಾನಿಕ್ಕಿಗೂ ಸಿಗಬೇಕು.

4. ವಾರಂಟಿ ಇರುವ ಟ್ರಾಕ್ಟರ್ ರಿಪೇರಿಗೆ ಬಿದ್ದಿರುವಷ್ಟು ಕಾಲ ಆ ಕಂತಿಗೆ ದಂಡದ ಬಡ್ಡಿ ಹಾಕಬಾರದು.

1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತ ಮೇಲೆ ರಾಜ್ಯದಲ್ಲಿ ರೈತ ಸಂಘ ಬೆಳೆಯಿತು. ಸಾಲಕ್ಕೆ ಮನೆಯ ಪಾತ್ರೆಪಡಗ ಜಪ್ತಿ ಮಾಡಲು ಬಂದವರನ್ನು ಊರ ಬಾಗಿಲಲ್ಲೇ ತಡೆಯುವ ಧೈರ್ಯ ಆಗ ಬಂತು. ಈಗ ಜಪ್ತಿಗೆ ಬರುವವರು ಟ್ರಾಕ್ಟರಿನ ಕೀಲಿ ಕೇಳುತ್ತಾರೆ, ಅಡಮಾನದ ಪಹಣಿ ತೋರಿಸುತ್ತಾರೆ. ತಡೆಯುವ ಶಕ್ತಿ ಸಂಘಟನೆಯಿಂದ ಬರಬೇಕು. ಆದರೆ ಆ ದಿನ ಬಾರದಂತೆ ನೋಡಿಕೊಳ್ಳುವ ಕೆಲಸ ಸಹಿ ಹಾಕುವ ಮುಂಚೆಯೇ ಆಗಬೇಕು.

ಈ ತಿಂಗಳ ಗ್ರಾಮ ಘಟಕದ ಸಭೆಗೆ ಟ್ರಾಕ್ಟರ್ ಇರುವ ಪ್ರತಿಯೊಬ್ಬರೂ ಮೂರು ಅಂಕಿ ಬರೆದುಕೊಂಡು ಬನ್ನಿ: ವರ್ಷಕ್ಕೆ ಎಷ್ಟು ಗಂಟೆ ಓಡಿತು, ಎಕರೆಗೆ ಎಷ್ಟು ಡೀಸೆಲ್ ಕುಡಿಯಿತು, ರಿಪೇರಿಗೆ ಎಷ್ಟು ಹೋಯಿತು. ಊರಿನ ಹತ್ತು ಟ್ರಾಕ್ಟರಿನ ಲೆಕ್ಕ ಒಂದು ಹಾಳೆಯ ಮೇಲೆ ಬಂದರೆ, ಹೊಸದು ಕೊಳ್ಳಲು ಹೊರಟವನಿಗೆ ಏಜೆಂಟನ ಮಾತು ಬೇಕಾಗುವುದಿಲ್ಲ.