ಗುಂಡಿ ತೋಡಿದವರು ಯಾರು?

ಮೊನ್ನೆ ಒಂದು ಕಾಲೇಜಿನ ವಿಜ್ಞಾನ ಸಮಾರಂಭಕ್ಕೆ ಹೋಗಿದ್ದೆವು. ಭಾಷಣಕಾರರು ಕೋಲಾರದ ಚಿನ್ನದ ಗಣಿಯ ಬಗ್ಗೆ ಹೆಮ್ಮೆಯಿಂದ ಮಾತಾಡಿದರು. 1965ರಲ್ಲಿ ಅಲ್ಲಿ ನೆಲದಾಳದಲ್ಲಿ ನಮ್ಮ ವಿಜ್ಞಾನಿಗಳು ನ್ಯೂಟ್ರಿನೋ ಹಿಡಿದರು ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, 'ಸಾರ್, ಆ ಗುಂಡಿ ತೋಡಿದೋರು ಯಾರು ಸಾರ್?' ಅಂದ. ಅವರು ನಕ್ಕು, 'ಅದು ವಿಜ್ಞಾನದ ಪ್ರಶ್ನೆ ಅಲ್ಲಪ್ಪ, ಕೂತ್ಕೋ' ಅಂದರು. ಸಭೆಯೂ ನಕ್ಕಿತು.

ಗೆಳೆಯರೇ, ಅದು ವಿಜ್ಞಾನದ ಪ್ರಶ್ನೆಯೇ. ಯಾಕೆ ಅಂತ ಹೇಳ್ತೀವಿ.

ಆಕಾಶದಿಂದ ವಿಶ್ವಕಿರಣಗಳ ಮಳೆ ಹಗಲೂ ರಾತ್ರಿ ಸುರೀತಾನೇ ಇರುತ್ತೆ. ಆ ಗದ್ದಲದಲ್ಲಿ ನೆಲದ ಮೇಲೆ ಕೂತು ನ್ಯೂಟ್ರಿನೋದ ಸುಳಿವು ಹಿಡಿಯೋದು ಆಗದ ಮಾತಾಗಿತ್ತು. ಬಂಡೆಯ ಕೆಳಗೆ ಇಳಿದಷ್ಟೂ ಮಳೆ ಕಮ್ಮಿ. ನ್ಯೂಟ್ರಿನೋ ಮಾತ್ರ ಭೂಮಿಯನ್ನೇ ತೂರಿ ಬರುತ್ತದೆ. 1951ರಿಂದ ಬಿ.ವಿ. ಶ್ರೀಕಂಠನ್ ಮುಂತಾದವರು ಈ ಗಣಿಯ ಬೇರೆ ಬೇರೆ ಆಳದಲ್ಲಿ ಮ್ಯೂಯಾನ್ ಕಣಗಳನ್ನು ಎಣಿಸುತ್ತ ಹೋದರು. 1960ರ ದಶಕದ ಮೊದಲಲ್ಲಿ ತೀರಾ ಆಳದಲ್ಲಿ ಸುಮಾರು ಎರಡು ತಿಂಗಳು ಯಂತ್ರ ಇಟ್ಟು ಕಾದರು. ಒಂದು ಮ್ಯೂಯಾನೂ ಬರಲಿಲ್ಲ! ಆ ಸೊನ್ನೆಯೇ ಅವರಿಗೆ ಸಿಕ್ಕ ದೊಡ್ಡ ಫಲ. ಅಷ್ಟು ಸದ್ದಿಲ್ಲದ ಜಾಗ ಇದೆ ಅಂತ ಗೊತ್ತಾದ ಮೇಲೇ ಬೊಂಬಾಯಿಯ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಶೋಧಕ ಯಂತ್ರ ಕಟ್ಟಿದ್ದು.

ಈಗ ಹೇಳಿ, ಆ ಶೋಧಕದ ಅತಿ ದೊಡ್ಡ ಭಾಗ ಯಾವುದು? ಮಿಂಚುವ ಪ್ಲಾಸ್ಟಿಕ್ ಹಲಗೆಯೇ? ನಿಯಾನ್ ಕೊಳವೆಯೇ? ಅಲ್ಲ. ತಲೆ ಮೇಲಿನ ಬಂಡೆ, ಅದರಡಿ ಕೊರೆದ ಟೊಳ್ಳು. ಆ ಟೊಳ್ಳು ಯಾವ ವಿಜ್ಞಾನಿಯ ಯೋಜನೆಯಿಂದಲೂ ಹುಟ್ಟಿದ್ದಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಚಿನ್ನಕ್ಕಾಗಿ ಉತ್ತರ ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದ ಕೂಲಿಗಳು ತಲೆಮಾರುಗಟ್ಟಲೆ ತೋಡಿದ್ದು. ಅವರಲ್ಲಿ ಹೆಚ್ಚಿನವರು ಹೊಲೆಗೇರಿಯ ಜನ. ಊರ ಬಾವಿ ಮುಟ್ಟಬಾರದು ಅನ್ನಿಸಿಕೊಂಡ ಕೈಗಳು ಪ್ರಪಂಚದ ಅತಿ ಆಳದ ಗುಂಡಿಗಳಲ್ಲೊಂದನ್ನು ತೋಡಿದವು. ಬಂಡೆ ಸಿಡಿದು ಸತ್ತವರೆಷ್ಟೋ, ಕಲ್ಲುಧೂಳು ಕುಡಿದು ಸಿಲಿಕೋಸಿಸ್‌ನಲ್ಲಿ ಕೆಮ್ಮಿ ಕೆಮ್ಮಿ ಸತ್ತವರೆಷ್ಟೋ.

ಅದೇ 1965ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಹತ್ತಿರದ ಚಿನ್ನದ ಗಣಿಯಲ್ಲೂ ಫ್ರೆಡರಿಕ್ ರೈನ್ಸ್ ತಂಡ ಇದೇ ಕೆಲಸ ಮಾಡಿತು. ಅಲ್ಲಿ ವರ್ಣಭೇದದ ಕಾಲ, ತೋಡಿದವರು ಕರಿಯರು. ಯಾರ ಪ್ರಬಂಧ ಮೊದಲು ಅಚ್ಚಾಯಿತು ಅಂತ ಲೆಕ್ಕ ಇಟ್ಟಿದ್ದಾರೆ. ಕೋಲಾರದ್ದು ಎರಡು ವಾರ ಮೊದಲು. ಎರಡು ಖಂಡಗಳಲ್ಲೂ ಕೆಳಗೆ ಇದ್ದವರು ಒಂದೇ ಥರದ ಜನ ಯಾಕೆ ಅಂತ ಮಾತ್ರ ಸಭೆಯಲ್ಲಿ ಕೇಳಬಾರದು!

1980ರಲ್ಲಿ ಇನ್ನೂ ದೊಡ್ಡ ಶೋಧಕ. ಪ್ರೋಟಾನ್ ಸಾಯುತ್ತದೆಯೇ ಅಂತ ನೋಡಲು 140 ಟನ್ ಕಬ್ಬಿಣ. ನಡುವೆ ತಂತಿ ಬಿಗಿದು ಅನಿಲ ತುಂಬಿದ ಚೌಕ ಕೊಳವೆಗಳು, ಒಂದರ ಮೇಲೊಂದು ಅಡ್ಡಡ್ಡ 34 ಸಾಲು. 1985ರ ಹೊತ್ತಿಗೆ 260 ಟನ್ನಿನ ಇನ್ನೊಂದು. ಇಷ್ಟು ಕಬ್ಬಿಣ ತಾನಾಗಿ ಇಳಿಯಿತೇ? ಕೇಜಿನಲ್ಲಿ ಹಿಡಿಸುವಷ್ಟು ಇಳಿಸಬೇಕು, ಕಾದ ಬಂಡೆಯ ಸುರಂಗದಲ್ಲಿ ಸಾಗಿಸಬೇಕು, ಒಳಗೇ ಜೋಡಿಸಬೇಕು. ಕಬ್ಬಿಣದ ತೂಕ ಪುಸ್ತಕದಲ್ಲಿದೆ. ಇಳಿಸಿದವರ ಹೆಸರು ನಾವು ಓದಿದ ಪುಸ್ತಕಗಳಲ್ಲಿ ಇಲ್ಲ.

ನಮ್ಮವರಲ್ಲೂ ಕೆಲವರು 'ಹೊಟ್ಟೆಗೆ ಹಿಟ್ಟಿಲ್ಲ, ನ್ಯೂಟ್ರಿನೋ ಯಾಕ್ರೀ?' ಅಂತಾರೆ. ಈ ಮಾತು ನಾವು ಒಪ್ಪೋದಿಲ್ಲ. ವಿಶ್ವದ ಗುಟ್ಟು ತಿಳಿಯುವ ಆಸೆ ಮೇಲ್ಜಾತಿಯವರ ಅಪ್ಪನ ಆಸ್ತಿಯಲ್ಲ. ತಮಿಳುನಾಡಿನ ತೇನಿಯ ಬೆಟ್ಟದಡಿ 50,000 ಟನ್ ಕಬ್ಬಿಣದ ಶೋಧಕ ಕಟ್ಟಲು 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜನ ಎದ್ದು ನಿಂತರು, 2022ರಲ್ಲಿ ಆ ರಾಜ್ಯವೇ ಸುಪ್ರೀಂ ಕೋರ್ಟಿನಲ್ಲಿ ಬೇಡ ಅಂತು. ನ್ಯೂಟ್ರಿನೋ ವಿಷ ಅಂತ ಹಬ್ಬಿದ ಭಯ ಸುಳ್ಳು. ಕ್ಷಣಕ್ಷಣಕ್ಕೂ ಕೋಟಿಗಟ್ಟಲೆ ನ್ಯೂಟ್ರಿನೋ ನಮ್ಮೆಲ್ಲರ ಮೈ ತೂರಿ ಹೋಗುತ್ತವೆ, ಏನೂ ಆಗೋದಿಲ್ಲ. ಆದರೆ ನಮ್ಮ ಬೆಟ್ಟ, ನಮ್ಮ ನೀರು, ನಮ್ಮನ್ನು ಕೇಳಿದಿರಾ ಅನ್ನುವ ಸಿಟ್ಟು ಸುಳ್ಳಲ್ಲ.

2001ರ ಫೆಬ್ರವರಿ 28ರಂದು ಕೋಲಾರದ ಗಣಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮೊದಲೇ ನಿಂತಿದ್ದವು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ವಿಜ್ಞಾನಿಗಳಿಗೆ ಬೇರೆ ಜಾಗ ಸಿಕ್ಕಿತು. ಕೂಲಿ ಲೈನುಗಳ ಜನಕ್ಕೆ ಉಳಿದದ್ದು ಸೈನೈಡ್ ಗುಡ್ಡದ ಧೂಳು, ಬೆಳಗಿನ ಬೆಂಗಳೂರಿನ ರೈಲು.

ಮೇಷ್ಟ್ರುಗಳೇ, ನ್ಯೂಟ್ರಿನೋ ಪಾಠ ಮಾಡಿ, ಚೆನ್ನಾಗಿ ಮಾಡಿ. ಮಾಡಿದ ಮೇಲೆ ಮಕ್ಕಳನ್ನು ಆ ಲೈನುಗಳಿಗೆ ಕರೆದುಕೊಂಡು ಹೋಗಿ. 1980ರಲ್ಲಿ ಕೇಜಿಗೆ ಇಳಿಯುತ್ತಿದ್ದವರು ಈಗಲೂ ಅಲ್ಲಿದ್ದಾರೆ, ವಯಸ್ಸಾಗಿದೆ. ಆ ಕೊಳವೆ ಇಳಿಸಿದೋರು ಯಾರು, ಪಾಳಿಗೆ ಕೂಲಿ ಎಷ್ಟು, ಕೆಳಗೆ ಏನು ಕಟ್ತಾ ಇದ್ದಾರೆ ಅಂತ ನಿಮಗೆ ಯಾರಾದರೂ ಹೇಳಿದ್ದರಾ ಅಂತ ಕೇಳಿ. ಹೆಸರು, ಊರು ಬರೆದುಕೊಳ್ಳಿ. ಪತ್ರಿಕೆಗೆ ಕಳಿಸಿ, ಎಷ್ಟು ಪುಟವಾದರೂ ಅಚ್ಚು ಹಾಕ್ತೀವಿ.